ಯಂತ್ರ ಬದಿಗಿಟ್ಟು ಕೈಗೆ ಮರಳಿದವರು

ಕೊರೊನಾ ಹರಡುತ್ತಿದ್ದ 2020ರ ಮಾರ್ಚ್ ಮಧ್ಯದಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಒಂದು ನಕ್ಷೆ ಪ್ರಕಟಿಸಿತು. ಯಾವ ಕೆಲಸದವರು ಜನರಿಗೆ ಎಷ್ಟು ಹತ್ತಿರ ನಿಲ್ಲುತ್ತಾರೆ, ರೋಗಾಣುಗಳಿಗೆ ಎಷ್ಟು ಸಲ ಎದುರಾಗುತ್ತಾರೆ ಎಂದು ಉದ್ಯೋಗಗಳನ್ನೆಲ್ಲ ಹರಡಿ ತೋರಿಸಿದ ನಕ್ಷೆ ಅದು. ಅದರ ತುತ್ತತುದಿಯಲ್ಲಿದ್ದವರು ಹಲ್ಲು ಕ್ಲೀನ್ ಮಾಡುವ ಡೆಂಟಲ್ ಹೈಜಿನಿಸ್ಟ್‌ಗಳು.

ನಮ್ಮಲ್ಲಿ ಹಲ್ಲು ಕ್ಲೀನಿಂಗನ್ನು ಹೆಚ್ಚಾಗಿ ಡೆಂಟಿಸ್ಟರೇ ಮಾಡುತ್ತಾರೆ. 1948ರ ದಂತವೈದ್ಯರ ಕಾಯಿದೆಯಲ್ಲಿ ಹೈಜಿನಿಸ್ಟರಿಗೂ ಜಾಗವಿತ್ತು, ಆದರೆ ನಾವು ಅವರನ್ನು ಕಾಣುವುದು ಅಪರೂಪ. ಅಮೆರಿಕದಲ್ಲಿ ಇದು ಶತಮಾನ ದಾಟಿದ ವೃತ್ತಿ. ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್ ಊರಿನ ಡಾ. ಆಲ್ಫ್ರೆಡ್ ಫೋನ್ಸ್ 1906ರಲ್ಲಿ ತಮ್ಮ ಸಹಾಯಕಿ ಐರಿನ್ ನ್ಯೂಮನ್‌ಗೆ ಈ ಕೆಲಸ ಕಲಿಸಿದರು, 1913ರಲ್ಲಿ ಶಾಲೆಯನ್ನೇ ತೆರೆದರು. ಇಂದು ಅಲ್ಲಿ ಈ ವೃತ್ತಿಯಲ್ಲಿರುವವರು ಬಹುತೇಕ ಮಹಿಳೆಯರು.

ಅಪಾಯ ಇದ್ದದ್ದು ಅವರು ದಿನವೂ ಬಳಸುವ ಅಲ್ಟ್ರಾಸಾನಿಕ್ ಸ್ಕೇಲರ್‌ನಲ್ಲಿ. ಬಿಸಿನೀರಿನ ಹಂಡೆಯೊಳಗೆ ಉಪ್ಪು ಪದರಗಟ್ಟುವಂತೆ ಹಲ್ಲಿಗೂ ಟಾರ್ಟರ್ ಎಂಬ ಕಿಟ್ಟ ಕಟ್ಟುತ್ತದೆ. ಸ್ಕೇಲರ್‌ನ ತುದಿ ಸೆಕೆಂಡಿಗೆ 25 ಸಾವಿರಕ್ಕೂ ಹೆಚ್ಚು ಸಲ ಕಂಪಿಸಿ ಅದನ್ನು ಒಡೆಯುತ್ತದೆ. ಆ ಕಂಪನಕ್ಕೆ ಬಿಸಿಯೇರುವುದರಿಂದ ತುದಿಯ ಮೇಲೆ ನೀರು ಹರಿಯುತ್ತಲೇ ಇರಬೇಕು. ಹರಿದ ನೀರು ಸಣ್ಣ ಮಂಜಾಗಿ ಬಾಯಿಂದ ಹೊರಗೆ ಎದ್ದು ಬರುತ್ತದೆ. ಜೊತೆಗೆ ಎಂಜಲೂ ಇರುತ್ತದೆ, ಕೆಲವೊಮ್ಮೆ ರಕ್ತವೂ. ಹೈಜಿನಿಸ್ಟ್‌ಳ ಮುಖ ಇರುವುದು ಅಲ್ಲಿಂದ ಒಂದೆರಡು ಗೇಣು ದೂರದಲ್ಲಿ.

ಮಾರ್ಚ್ 16ರಂದು ಅಮೆರಿಕನ್ ಡೆಂಟಲ್ ಅಸೋಸಿಯೇಷನ್ ತುರ್ತು ಚಿಕಿತ್ಸೆ ಬಿಟ್ಟು ಉಳಿದದ್ದನ್ನೆಲ್ಲ ಮುಂದೂಡಲು ಹೇಳಿತು. ಕ್ಲಿನಿಕ್‌ಗಳು ಮತ್ತೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯ ಸಲಹೆ ಬಂದಿತ್ತು: ಸಾಧ್ಯವಾದಷ್ಟೂ ಮಂಜೆಬ್ಬಿಸುವ ಕೆಲಸ ಬೇಡ, ಕೈ ಉಪಕರಣಗಳನ್ನೇ ಬಳಸಿ.

ಕಾಗದದ ಮೇಲೆ ಸರಳ ಮಾತು. ಆದರೆ ಕೈಯಿಂದ ಸ್ಕೇಲಿಂಗ್ ಮಾಡುವುದೆಂದರೆ ಕ್ಯುರೆಟ್ ಎಂಬ ಬಾಗಿದ ಅಲಗನ್ನು ಪೆನ್ನಿನಂತೆ ಹಿಡಿದು, ಉಂಗುರದ ಬೆರಳನ್ನು ಪಕ್ಕದ ಹಲ್ಲಿನ ಮೇಲೆ ಊರಿ, ಅಲಗನ್ನು ವಸಡಿನ ಕೆಳಗಿಳಿಸಿ, ಒತ್ತಿ ಮೇಲಕ್ಕೆ ಎಳೆಯಬೇಕು. ಒಂದೇ ಹಲ್ಲಿನ ಸುತ್ತ ಹೀಗೆ ಹತ್ತಾರು ಎಳೆತ. ಯಂತ್ರ ಮಾಡುತ್ತಿದ್ದುದನ್ನೆಲ್ಲ ಈಗ ಮಣಿಕಟ್ಟು, ಹೆಬ್ಬೆರಳು, ಭುಜ ಮಾಡಬೇಕಾಯಿತು. ಕೈ, ಕುತ್ತಿಗೆ ನೋವು ಈ ವೃತ್ತಿಗೆ ಮೊದಲಿನಿಂದಲೂ ಅಂಟಿಕೊಂಡಿತ್ತು. ಅದರ ಮೇಲೆ ಈ ಭಾರ. ಮುಖಕ್ಕೆ ಬಿಗಿಯಾಗಿ ಕೂತ ಎನ್-95 ಮಾಸ್ಕ್, ಅದರ ಮೇಲೊಂದು ಮುಖಗವಚ, ಗೌನು. ಮಾಸ್ಕ್‌ನ ಅಂಚಿನಿಂದ ಉಸಿರು ಸೋರಿದರೆ ಕನ್ನಡಕ ಮಸುಕಾಗಿ, ವಸಡಿನ ಅಂಚೇ ಕಾಣದು.

ಯಂತ್ರ ಬಳಸಲೇಬೇಕಾದಾಗ, ಜೋರಾಗಿ ಎಳೆಯುವ ಸಕ್ಷನ್ ಪೈಪನ್ನು ಬಾಯಿಯ ಹತ್ತಿರ ಸರಿಯಾಗಿ ಹಿಡಿದರೆ ಮಂಜಿನ ಬಹುಪಾಲು ಅಲ್ಲೇ ಹೀರಿಹೋಗುತ್ತದೆ. ಡೆಂಟಿಸ್ಟರಿಗೆ ಅದನ್ನು ಹಿಡಿಯಲು ಸಹಾಯಕರಿರುತ್ತಾರೆ. ಹೈಜಿನಿಸ್ಟ್ ಸಾಮಾನ್ಯವಾಗಿ ಒಬ್ಬಳೇ. ಬಲಗೈಯಲ್ಲಿ ಉಪಕರಣ, ಎಡಗೈಯಲ್ಲಿ ಕನ್ನಡಿ. ಪೈಪ್ ಹಿಡಿಯುವವರು ಯಾರು? ಕೆಲವು ಕ್ಲಿನಿಕ್‌ಗಳು ಸಹಾಯಕರನ್ನು ಕೊಟ್ಟವು. ಉಳಿದ ಕಡೆ, ಕನ್ನಡಿಯನ್ನೇ ಜೋಡಿಸಿದ ಸಕ್ಷನ್ ತುದಿ, ಬಾಯಿಯಲ್ಲೇ ಕಚ್ಚಿಕೊಂಡು ನಿಲ್ಲುವ ಸಾಧನ, ಗದ್ದದ ಬಳಿ ಕೊಳವೆ ಚಾಚಿ ನಿಲ್ಲುವ ಯಂತ್ರ ಬಂದವು. ಈ ಒಂದು ತೊಡಕನ್ನು ಬಿಡಿಸಿದ್ದೇ ಆ ವರ್ಷದ ದೊಡ್ಡ ಕೆಲಸ ಎಂದು ನನಗನ್ನಿಸುತ್ತದೆ.

ಗಾಳಿಯ ಲೆಕ್ಕವನ್ನೂ ಕಲಿಯಬೇಕಾಯಿತು. ಕೋಣೆಯ ಗಾಳಿ ಗಂಟೆಗೆ 6 ಸಲ ಬದಲಾದರೆ ತೇಲುವ ಕಣಗಳಲ್ಲಿ ಶೇ 99ರಷ್ಟು ಹೋಗಲು 46 ನಿಮಿಷ ಬೇಕು, 12 ಸಲ ಬದಲಾದರೆ 23 ನಿಮಿಷ ಸಾಕು. ಹೀಗಾಗಿ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಬಿಡುವು ಬಿಡಬೇಕಾಯಿತು. ರೋಗಿಗಳು ಹೊರಗೆ ಕಾರಿನಲ್ಲೇ ಕಾದರು.

ಫಲ? 2020ರ ಅಕ್ಟೋಬರ್‌ವರೆಗೆ 4,700ಕ್ಕೂ ಹೆಚ್ಚು ಹೈಜಿನಿಸ್ಟರನ್ನು ಕೇಳಿ ನಡೆಸಿದ ಸಮೀಕ್ಷೆಯಲ್ಲಿ ಸೋಂಕು ತಗುಲಿದ್ದವರು ಶೇ 3.1 ಮಾತ್ರ. ನಕ್ಷೆಯ ತುದಿಯಲ್ಲಿ ಕೂತವರಿಗೆ ಇದು ಅಚ್ಚರಿಪಡುವಷ್ಟು ಕಡಿಮೆ. 2021ರಲ್ಲಿ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪೂರ್ಣಿಮಾ ಕುಮಾರ್ ಅವರ ತಂಡ ಇನ್ನೊಂದು ಸಂಗತಿ ಕಂಡುಕೊಂಡಿತು. 28 ರೋಗಿಗಳ ಚಿಕಿತ್ಸೆಯ ವೇಳೆ ಸಿಡಿದ ಹನಿಗಳನ್ನು ಹಿಡಿದು, ಅವುಗಳಲ್ಲಿದ್ದ ಸೂಕ್ಷ್ಮಜೀವಿಗಳ ಮೂಲವನ್ನು ಪತ್ತೆಹಚ್ಚಿದರು. ಬಹುಪಾಲು ಬಂದದ್ದು ಯಂತ್ರಕ್ಕೆ ಹರಿಸಿದ ನೀರಿನಿಂದ, ಎಂಜಲಿನ ಪಾಲು ಅತ್ಯಲ್ಪ. ಎಂಜಲಿನಲ್ಲಿ ವೈರಾಣು ಇದ್ದವರ ಚಿಕಿತ್ಸೆಯಲ್ಲೂ ಸಿಡಿದ ಹನಿಗಳಲ್ಲಿ ಅದು ಸಿಗಲಿಲ್ಲ. ಹಾಗೆಂದು ಕೈಕೆಲಸಕ್ಕೆ ಮರಳಿದ್ದು ತಪ್ಪು ಎನ್ನಲಾರೆ. ಕ್ಲಿನಿಕ್‌ಗಳು ಮತ್ತೆ ತೆರೆದ 2020ರ ಮೇ ತಿಂಗಳಲ್ಲಿ ಈ ಉತ್ತರ ಯಾರ ಕೈಯಲ್ಲೂ ಇರಲಿಲ್ಲ.

ಬೆಲೆ ತೆತ್ತವರು ಮಾತ್ರ ಹೈಜಿನಿಸ್ಟರೇ. ಅದೇ ಅಕ್ಟೋಬರ್ ಹೊತ್ತಿಗೆ ಸುಮಾರು ಶೇ 8ರಷ್ಟು ಮಂದಿ ಕೆಲಸದಲ್ಲಿರಲಿಲ್ಲ, ಅವರಲ್ಲಿ ಅರ್ಧಕ್ಕೂ ಹೆಚ್ಚು ಜನ ತಾವಾಗಿಯೇ ಬಿಟ್ಟವರು. ಸೋಂಕಿನ ಭಯ, ಕ್ಲಿನಿಕ್‌ನ ಸುರಕ್ಷತೆಯ ಬಗ್ಗೆ ಅನುಮಾನ, ಶಾಲೆ ಮುಚ್ಚಿ ಮನೆಯಲ್ಲಿ ಉಳಿದ ಮಕ್ಕಳು, ಹೀಗೆ ಕಾರಣಗಳು. ಆಮೇಲಿನ ವರ್ಷಗಳಲ್ಲಿ ಅಮೆರಿಕದ ಡೆಂಟಿಸ್ಟರು ಹೈಜಿನಿಸ್ಟರು ಸಿಗುತ್ತಿಲ್ಲವೆಂದು ಹೇಳುತ್ತಲೇ ಬಂದಿದ್ದಾರೆ.