ಮುಖವಿಲ್ಲದ ನಾಯಕ, ದನಿಯೇ ವೇಷ

ಹಿಮ ಸುರಿಯುವ ರಾತ್ರಿ. ಇಂಗ್ಲೆಂಡಿನ ಐಪಿಂಗ್ ಹಳ್ಳಿಯ ವಸತಿಗೃಹಕ್ಕೆ ಅಪರಿಚಿತನೊಬ್ಬ ಬರುತ್ತಾನೆ. ತಲೆ ತುಂಬ ಬ್ಯಾಂಡೇಜ್, ಕಣ್ಣಿಗೆ ಕಪ್ಪು ಕನ್ನಡಕ. ಮುಂದೊಂದು ದಿನ ಊರವರು ಪೊಲೀಸ್ ಪೇದೆಯನ್ನು ಕರೆದುಕೊಂಡು ಅವನನ್ನು ಹೊರಹಾಕಲು ಮಹಡಿ ಹತ್ತುತ್ತಾರೆ. ಅವನು ತನ್ನ ಮೂಗನ್ನೇ ಕಿತ್ತು ಅವರತ್ತ ಎಸೆಯುತ್ತಾನೆ. ಕನ್ನಡಕ ತೆಗೆಯುತ್ತಾನೆ, ಬ್ಯಾಂಡೇಜನ್ನು ಸುತ್ತು ಸುತ್ತಾಗಿ ಬಿಚ್ಚುತ್ತಾನೆ. ಒಳಗೆ ತಲೆಯೇ ಇಲ್ಲ, ನಗು ಮಾತ್ರ ಇದೆ. ಸ್ವಲ್ಪ ಹೊತ್ತಿಗೆ ಬರೀ ಅಂಗಿಯೊಂದು ಕೋಣೆ ತುಂಬ ಕುಣಿಯುತ್ತದೆ. ನಾವಿನ್ನೂ ನಗುತ್ತಿರುವಾಗಲೇ ಕಾಣದ ಕೈ ಪೇದೆಯ ಕುತ್ತಿಗೆಗೆ ಬಿದ್ದಿರುತ್ತದೆ.

ಇದು 1933ರ ಹಾಲಿವುಡ್ ಸಿನಿಮಾ 'ದಿ ಇನ್‌ವಿಸಿಬಲ್ ಮ್ಯಾನ್'. ಎಚ್.ಜಿ. ವೆಲ್ಸ್ 1897ರಲ್ಲಿ ಬರೆದ ಕಾದಂಬರಿ ಇದರ ಮೂಲ. 1931ರಲ್ಲಿ 'ಡ್ರಾಕುಲಾ', 'ಫ್ರಾಂಕೆನ್‌ಸ್ಟೈನ್' ಎರಡರಲ್ಲೂ ಗೆದ್ದಿದ್ದ ಯೂನಿವರ್ಸಲ್ ಕಂಪನಿ ಮುಂದಿನ ಭಯದ ಕಥೆಗೆ ಹುಡುಕಾಡುತ್ತಿತ್ತು. ನಾಯಕನಾಗಿ ಮೊದಲು ಕೇಳಿಬಂದ ಹೆಸರು ಬೋರಿಸ್ ಕಾರ್ಲಾಫ್. ಸಂಭಾವನೆಯ ತಕರಾರಿನಲ್ಲಿ ಅವರು ದೂರ ಸರಿದರು. ನಿರ್ದೇಶಕ ಜೇಮ್ಸ್ ವೇಲ್ ಆರಿಸಿಕೊಂಡದ್ದು ಹಾಲಿವುಡ್ಡಿಗೆ ತೀರಾ ಹೊಸಬರಾದ, ರಂಗಭೂಮಿಯ ಕ್ಲಾಡ್ ರೇನ್ಸ್ ಅವರನ್ನು. ಅದಕ್ಕೂ ಮೊದಲು ಅವರು ಕೊಟ್ಟಿದ್ದ ಸ್ಕ್ರೀನ್ ಟೆಸ್ಟ್ ಯಾರಿಗೂ ಹಿಡಿಸಿರಲಿಲ್ಲ. ವೇಲ್ ಅವರನ್ನು ಹಿಡಿದು ನಿಲ್ಲಿಸಿದ್ದು ರೇನ್ಸ್ ಅವರ ದನಿ.

ಮುಖ ನೋಡಿ ಮಣೆ ಹಾಕುವ ಉದ್ಯಮದಲ್ಲಿ ಇದು ಸಣ್ಣ ಧೈರ್ಯವಲ್ಲ. ಸಿನಿಮಾ ಮಾತಾಡಲು ಕಲಿತು ಆಗಿನ್ನೂ ಐದಾರು ವರ್ಷ. ಮೂಕಿಚಿತ್ರದ ಕಾಲದಲ್ಲಾಗಿದ್ದರೆ ಈ ಪಾತ್ರ ಹೀಗೆ ಹುಟ್ಟುತ್ತಲೇ ಇರಲಿಲ್ಲ.

ಆ ದನಿ ಹುಟ್ಟಿನಿಂದ ಬಂದದ್ದೂ ಅಲ್ಲ. ಲಂಡನ್ನಿನ ಬಡ ಮನೆಯ ಹುಡುಗ ರೇನ್ಸ್ ಅವರಿಗೆ ದಟ್ಟ ಕಾಕ್ನಿ (ಲಂಡನ್ನಿನ ದುಡಿಯುವ ವರ್ಗದ ಆಡುಮಾತು) ಉಚ್ಚಾರಣೆ, ಜೊತೆಗೆ ಮಾತಿನ ತೊಡಕು. ನಾಟಕದ ಕಂಪನಿಯಲ್ಲಿ ಚಾಕರಿಗಿದ್ದ ಆ ಹುಡುಗನ ನಾಲಿಗೆ ತಿದ್ದಲು ಕೈಯಿಂದ ಹಣ ಕೊಟ್ಟವರು ನಟ ಹರ್ಬರ್ಟ್ ಬೀರ್‌ಬೋಮ್ ಟ್ರೀ. ಮುಂದೆ ರೇನ್ಸ್ ತಾವೇ ಮೇಷ್ಟ್ರಾಗಿ ಜಾನ್ ಗಿಲ್ಗುಡ್‌ರಂಥವರಿಗೆ ಅಭಿನಯ ಕಲಿಸಿದರು. ನಡುವೆ ಮೊದಲ ಮಹಾಯುದ್ಧ ಬಂತು, ವಿಷಾನಿಲದ ದಾಳಿಗೆ ಸಿಕ್ಕಿ ಅವರ ಒಂದು ಕಣ್ಣಿನ ದೃಷ್ಟಿ ಬಹುತೇಕ ಹೋಯಿತು. ವೇಲ್ ಅದೇ ಯುದ್ಧದಲ್ಲಿ ಜರ್ಮನ್ನರ ಸೆರೆಯಾಳಾಗಿದ್ದರು. ಚಿತ್ರಕಥೆ ಬರೆದ ಆರ್.ಸಿ. ಶೆರಿಫ್ ಗಾಯಗೊಂಡು ಮರಳಿದ ಸೈನಿಕ. ಬ್ಯಾಂಡೇಜ್ ಸುತ್ತಿದ ಆ ತಲೆಯನ್ನು ಕಂಡಾಗಲೆಲ್ಲ ನನಗೆ ಈ ಮೂವರು ನೆನಪಾಗುತ್ತಾರೆ. ಅಂಥ ತಲೆಗಳನ್ನು ಅವರು ಆಸ್ಪತ್ರೆಗಳಲ್ಲಿ ಎಷ್ಟು ಕಂಡಿರಬಹುದು!

ಮಾಯ ಮಾಡುವ ಕೆಲಸ ಜಾನ್ ಫುಲ್ಟನ್ ಅವರದು. ಸೆಟ್ಟಿಗೆಲ್ಲ ಕಪ್ಪು ಮಖಮಲ್ಲಿನ ಹೊದಿಕೆ. ನಟನಿಗೆ ಅಡಿಯಿಂದ ಮುಡಿವರೆಗೆ ಅದೇ ಮಖಮಲ್ಲು, ಅದರ ಮೇಲೆ ಅಂಗಿ, ಪ್ಯಾಂಟು. ಕ್ಯಾಮೆರಾಕ್ಕೆ ಕಂಡದ್ದು ಬಟ್ಟೆ ಮಾತ್ರ. ಅದನ್ನು ಲ್ಯಾಬಿನಲ್ಲಿ ಬೇರೆ ದೃಶ್ಯದೊಂದಿಗೆ ಕೂಡಿಸಿ, ಉಳಿದ ಕಲೆಗಳನ್ನು ಒಂದೊಂದೇ ಫ್ರೇಮಿನಲ್ಲಿ ಕುಂಚದಿಂದ ತಿದ್ದಿದರು. ಒಂದು ತಪ್ಪು ಮಾತ್ರ ಉಳಿದುಕೊಂಡಿದೆ: ಕೊನೆಯಲ್ಲಿ ಹಿಮದ ಮೇಲೆ ಓಡುವವನು ಬರಿಮೈಯವನು, ಬೀಳುವುದು ಬೂಟಿನ ಗುರುತು.

ವೆಲ್ಸ್‌ಗೆ ಒಂದು ಆಕ್ಷೇಪವಿತ್ತು. ಸಿನಿಮಾದಲ್ಲಿ ಮೊನೊಕೇನ್ ಎಂಬ ಔಷಧಿ, ಅದೃಶ್ಯನಾದ ಈ ವಿಜ್ಞಾನಿಯ ತಲೆ ಕೆಡಿಸುತ್ತದೆ, ಕಾದಂಬರಿಯಲ್ಲಿ ಅದಿಲ್ಲ. ಅವರ ಮಾತಿನಲ್ಲಿ ನ್ಯಾಯವಿದೆ. ಆದರೆ ರೇನ್ಸ್ ಅವರ ಗಂಟಲಿಗೆ ಏರಿಳಿಯಲು ಜಾಗ ಮಾಡಿಕೊಟ್ಟದ್ದು ಆ ಹುಚ್ಚೇ. ಪ್ರೇಯಸಿ ಫ್ಲೋರಾಳ ಹತ್ತಿರ ತಗ್ಗಿದ ದನಿಯಲ್ಲಿ ಶುರುವಾದ ಮಾತು ನೋಡನೋಡುತ್ತ ಜಗತ್ತನ್ನೇ ಕಾಲಡಿ ಹಾಕುವ ಅಬ್ಬರಕ್ಕೆ ಏರುತ್ತದೆ. ಬರೀ ಪ್ಯಾಂಟೊಂದು ಮಕ್ಕಳ ಹಾಡು ಹೇಳುತ್ತ ರಸ್ತೆಯಲ್ಲಿ ಕುಪ್ಪಳಿಸುವಾಗ ನಗದವರಿಲ್ಲ. ಅದೇ ಮನುಷ್ಯ ರೈಲನ್ನು ಹಳಿ ತಪ್ಪಿಸಿ ಕಣಿವೆಗೆ ಉರುಳಿಸಿದವನು. ಮೋಸ ಮಾಡಿದ ಗೆಳೆಯ ಕೆಂಪ್‌ನನ್ನು ಕಾರಿನಲ್ಲಿ ಕಟ್ಟಿಹಾಕಿ, ಪ್ರಪಾತಕ್ಕೆ ತಳ್ಳುವ ಮುನ್ನ ಯಾವ ಯಾವ ಮೂಳೆ ಮುರಿಯಬಹುದೆಂದು ಪ್ರವಾಸದ ವಿವರ ಕೊಡುವವನಂತೆ ನಿಧಾನವಾಗಿ ಹೇಳುತ್ತಾನೆ. ಆ ಸೌಜನ್ಯಕ್ಕೆ ಇವತ್ತಿಗೂ ನನ್ನ ಮೈ ಜುಮ್ಮೆನ್ನುತ್ತದೆ.

ಯಕ್ಷಗಾನದಲ್ಲಿ ರಾಕ್ಷಸ ವೇಷ ತೆರೆಯ ಹಿಂದೆ ಅಬ್ಬರಿಸುವಾಗ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರಲ್ಲ, ಆ ಕ್ಷಣವನ್ನು ರೇನ್ಸ್ ಒಂದು ಗಂಟೆಗೂ ಮೀರಿ ಎಳೆದಿದ್ದಾರೆ. ತೆರೆ ಸರಿಯುವುದು ಕಟ್ಟಕಡೆಗೆ. ಗುಂಡೇಟು ತಿಂದು ಆಸ್ಪತ್ರೆಯ ಹಾಸಿಗೆಯಲ್ಲಿ ಅವನು ಕೊನೆಯ ಮಾತು ಆಡಿ ಮುಗಿಸುತ್ತಾನೆ. ದಿಂಬಿನ ಮೇಲೆ ಮೊದಲು ತಲೆಬುರುಡೆ, ಆಮೇಲೆ ನಿಧಾನವಾಗಿ ಮುಖ ಮೂಡುತ್ತದೆ. ಕೆಲವೇ ಸೆಕೆಂಡು. ಅಷ್ಟರಲ್ಲಿ ದನಿ ನಿಂತುಹೋಗಿರುತ್ತದೆ.