ನಾಡಿ ಹಿಡ್ಕೊಂಡು ಉಸಿರು ಎಣಿಸೋರು: ಟಿವಿ ಆಸ್ಪತ್ರೆಯಲ್ಲಿ ಕಾಣಿಸದ ನರ್ಸ್ ಕೆಲಸ

ಅಮೆರಿಕದ ಮೆಡಿಕಲ್ ಸೀರೀಸ್ ನೋಡೋ ಚಟ ಇರೋರಿಗೆಲ್ಲ ಒಂದು ಸೀನ್ ಬಾಯಿಪಾಠ ಆಗಿರತ್ತೆ. ಮಾನಿಟರ್ ಮೇಲಿನ ಗೆರೆ ನೆಟ್ಟಗಾಗತ್ತೆ, ಕೀ ಅಂತ ಉದ್ದಕ್ಕೆ ಶಬ್ದ, ಡಾಕ್ಟರ್ ಓಡಿ ಬಂದು ಎರಡು ಪ್ಯಾಡಲ್ ಎದೆಗೆ ಒತ್ತಿ "ಕ್ಲಿಯರ್" ಅಂತ ಕೂಗ್ತಾನೆ, ರೋಗಿ ಚಿಮ್ಮಿ ಬೀಳ್ತಾನೆ, ಗೆರೆ ಮತ್ತೆ ಕುಣಿಯೋಕೆ ಶುರು ಮಾಡತ್ತೆ. ಹಿಂದೆ ಇಬ್ಬರು ನರ್ಸ್‌ಗಳು ನಿಂತಿರ್ತಾರೆ, ಅವರ ಹೆಸರೂ ನಮಗೆ ಗೊತ್ತಿರಲ್ಲ. ಗೆರೆ ಪೂರ್ತಿ ನೆಟ್ಟಗಾದ ಹೃದಯಕ್ಕೆ ಶಾಕ್ ಕೊಡಲ್ಲ, ಕೊಟ್ಟರೂ ಪ್ರಯೋಜನ ಇಲ್ಲ. ಹೃದಯದ ಕೆಳಗಿನ ಕೋಣೆಗಳು ತಾಳ ತಪ್ಪಿ ಅದುರ್ತಾ ಇದ್ದಾಗ, ಇಲ್ಲಾ ನಾಡಿ ಸಿಗದಷ್ಟು ವೇಗವಾಗಿ ಹೊಡ್ಕೋತಾ ಇದ್ದಾಗ ಮಾತ್ರ ಶಾಕ್ ಕೆಲಸ ಮಾಡತ್ತೆ. ಇದನ್ನ ಈಗಾಗ್ಲೇ ಬಹಳ ಜನ ಬರೆದಿದ್ದಾರೆ, ಬಿಡಿ. ನನಗೆ ಅದಕ್ಕಿಂತ ಬೇಜಾರಾಗೋದು ಏನಂದ್ರೆ, ಕ್ಯಾಮೆರಾ ಆ ಬೆಡ್ ಹತ್ರ ಬರೋದೇ ಆರೇಳು ಗಂಟೆ ತಡವಾಗಿ.

ಯಾಕೆ ಹಾಗಂತೀನಿ ಅಂದ್ರೆ, ಆಸ್ಪತ್ರೆ ವಾರ್ಡ್‌ನಲ್ಲಿ ಹೃದಯ ನಿಲ್ಲೋದು ಹೆಚ್ಚಿನ ಸಲ ಸಿಡಿಲು ಬಡಿದ ಹಾಗೆ ಆಗಲ್ಲ. 1990ರಲ್ಲಿ ಅಮೆರಿಕದಲ್ಲಿ ಒಂದು ಸ್ಟಡಿ ಬಂತು, ಆಸ್ಪತ್ರೆಯೊಳಗೇ ಹೃದಯ ನಿಂತ 64 ರೋಗಿಗಳ ಕೇಸ್ ಶೀಟ್ ತೆಗೆದು ನೋಡಿದ್ರು. ಅವರಲ್ಲಿ 84 ಪರ್ಸೆಂಟ್ ಜನರಲ್ಲಿ ಅದಕ್ಕಿಂತ ಮೊದಲಿನ 8 ಗಂಟೆ ಒಳಗೇ ಸ್ಥಿತಿ ಹದಗೆಡ್ತಿದೆ ಅನ್ನೋ ಗುರುತು ಇತ್ತು, ಅದು ಕೇಸ್ ಶೀಟಲ್ಲೇ ದಾಖಲಾಗಿತ್ತು. ಆ ಗುರುತನ್ನ ಹಿಡಿಯೋ ಜಾಗದಲ್ಲಿ ಇರೋದು ಯಾರು? ಡಾಕ್ಟರ್ ರೌಂಡ್ಸ್‌ಗೆ ಬಂದು ಒಂದು ಬೆಡ್ ಹತ್ರ ಕೆಲವು ನಿಮಿಷ ನಿಂತು ಹೋಗ್ತಾರೆ. ಉಳಿದ ಹೊತ್ತೆಲ್ಲ ಅಲ್ಲಿರೋದು ನರ್ಸ್. ಹಾಗಾಗಿ ಟಿವಿಯವರು ನರ್ಸ್‌ಗೆ ಡೈಲಾಗ್ ಕಡಿಮೆ ಕೊಟ್ರು ಅಂತ ಮಾತ್ರ ನನ್ನ ತಕರಾರಲ್ಲ, ಜೀವ ಉಳಿಯೋ ಪ್ರಕ್ರಿಯೆಯ ಮುಖ್ಯವಾದ ಭಾಗವೇ ಕಥೆಯಿಂದ ಬಿದ್ದುಹೋಗಿದೆ.

ಆ ಗುರುತುಗಳಲ್ಲಿ ಒಂದು ಉಸಿರು, ಈಗ ಅದರ ವಿಷಯ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ನನಗೆ ಇದು ತುಂಬಾ ಇಷ್ಟವಾದ ವಿಷಯ.

ದೇಹದೊಳಗೆ ಎಲ್ಲೋ ಸೋಂಕು ಹರಡ್ತಿದೆ ಅಂದ್ಕೊಳ್ಳಿ, ಅಥವಾ ಆಪರೇಷನ್ ಆದ ಜಾಗದಲ್ಲಿ ಒಳಗೊಳಗೇ ರಕ್ತ ಸೋರ್ತಿದೆ. ಜೀವಕೋಶಗಳಿಗೆ ಆಮ್ಲಜನಕ ಸಾಲದೆ ಬಂದಾಗ ಅವು ಆಮ್ಲಜನಕ ಇಲ್ಲದೇನೇ ಶಕ್ತಿ ಮಾಡ್ಕೊಳ್ಳೋ ದಾರಿ ಹಿಡೀತವೆ, ಅದರಿಂದ ರಕ್ತದಲ್ಲಿ ಲ್ಯಾಕ್ಟೇಟ್ ಅನ್ನೋ ವಸ್ತು ಏರತ್ತೆ, ರಕ್ತ ಆಮ್ಲದ ಕಡೆ ವಾಲತ್ತೆ. ನಮ್ಮ ರಕ್ತದ ಪಿಎಚ್, ಅಂದ್ರೆ ಆಮ್ಲ ಎಷ್ಟಿದೆ ಅನ್ನೋ ಅಳತೆ, 7.35ರಿಂದ 7.45ರ ಒಳಗೇ ಇರಬೇಕು, ಆ ಸಣ್ಣ ಗೆರೆಯಾಚೆ ಹೋದ್ರೆ ಕಿಣ್ವಗಳ ಕೆಲಸ ಎಲ್ಲ ಏರುಪೇರು. ಕುತ್ತಿಗೆಯ ಎರಡೂ ಕಡೆ, ಮಿದುಳಿಗೆ ರಕ್ತ ಒಯ್ಯೋ ದೊಡ್ಡ ರಕ್ತನಾಳ ಕವಲೊಡೆಯೋ ಜಾಗದಲ್ಲಿ, ಅಕ್ಕಿಕಾಳಿನಷ್ಟು ಸಣ್ಣ ಅಂಗಗಳಿವೆ, ಕೆರೋಟಿಡ್ ಬಾಡಿ ಅಂತ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ, ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ, ಆಮ್ಲ ಎಷ್ಟಿದೆ ಅಂತ ಅವು ಕ್ಷಣಕ್ಷಣಕ್ಕೂ ನೋಡ್ತಾ ಇರ್ತವೆ, ಮಿದುಳಿನ ಬುಡದಲ್ಲೂ ಇಂಥದೇ ಕೆಲಸ ಮಾಡೋ ಜೀವಕೋಶಗಳಿವೆ. ಆಮ್ಲ ಏರ್ತಿದೆ ಅಂತ ಸುದ್ದಿ ಸಿಕ್ಕ ತಕ್ಷಣ ಉಸಿರಾಟ ಜೋರು ಮಾಡು ಅಂತ ಆಜ್ಞೆ ಹೋಗತ್ತೆ. ಕಾರ್ಬನ್ ಡೈಆಕ್ಸೈಡ್ ರಕ್ತದ ನೀರಿನ ಜೊತೆ ಸೇರಿ ಆಮ್ಲ ಆಗತ್ತೆ, ಅದನ್ನ ಬೇಗ ಬೇಗ ಹೊರಗೆ ಹಾಕಿದ್ರೆ ಲ್ಯಾಕ್ಟೇಟಿನ ಜೊತೆ ಬಂದ ಹೊರೆ ಸ್ವಲ್ಪ ಸರಿದೂಗತ್ತೆ. ನಿಮಿಷಕ್ಕೆ 16 ಇದ್ದ ಉಸಿರು 22 ಆಗತ್ತೆ, ಆಮೇಲೆ 26. ರೋಗಿಗೆ ಇದು ಗೊತ್ತೇ ಆಗದೇ ಇರಬಹುದು, ಹೇಗಿದ್ದೀರಿ ಅಂದ್ರೆ "ಪರವಾಗಿಲ್ಲ ಸಿಸ್ಟರ್" ಅಂತಾನೆ.

ಇದೇ ಹೊತ್ತಲ್ಲಿ ಬಿಪಿ ಚೆನ್ನಾಗೇ ಕಾಣತ್ತೆ, ಅದೇ ಇಲ್ಲಿ ಮೋಸ ಹೋಗೋ ಜಾಗ. ಮನೇಲಿ ಆದಾಯ ನಿಂತರೂ ಚಿನ್ನ ಅಡ ಇಟ್ಟು, ಒಳಖರ್ಚು ಕಡಿದು, ಹೊರಗಿನವರ ಕಣ್ಣಿಗೆ ಏನೂ ಆಗಿಲ್ಲ ಅನ್ನೋ ಹಾಗೆ ಸಂಸಾರ ನಡೆಸ್ತಾರಲ್ಲ, ದೇಹನೂ ಹಾಗೇ: ಚರ್ಮಕ್ಕೂ ಕರುಳಿಗೂ ಹೋಗೋ ರಕ್ತ ಕಡಿಮೆ ಮಾಡಿ, ರಕ್ತನಾಳ ಬಿಗಿ ಮಾಡಿ, ಹೃದಯದ ಬಡಿತ ಏರಿಸಿ ಬಿಪಿಯನ್ನ ಹಿಡಿದಿಡತ್ತೆ, ಅಡ ಇಡೋಕೆ ಇನ್ನೇನೂ ಇಲ್ಲ ಅನ್ನೋ ಹೊತ್ತಿಗೆ ಒಮ್ಮೆಲೇ ಕುಸಿಯತ್ತೆ. ವಯಸ್ಸಿನ ಹುಡುಗರಲ್ಲಂತೂ ಈ ಹಿಡಿದಿಡೋ ಶಕ್ತಿ ಜಾಸ್ತಿ, ಹಾಗಾಗಿ ಬಿಪಿ ಬೀಳೋ ಹೊತ್ತಿಗೆ ಬಹಳ ತಡವಾಗಿರತ್ತೆ. ಹೃದಯದ ಬಡಿತ ನಿಧಾನ ಮಾಡೋ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳೋ ವಯಸ್ಸಾದವರಲ್ಲಿ ನಾಡಿಯೂ ಅಷ್ಟಾಗಿ ಏರಲ್ಲ, ಆಗ ಉಸಿರೇ ಗತಿ. ಬೆರಳಿಗೆ ಹಾಕೋ ಆಕ್ಸಿಮೀಟರ್ ಕೂಡ ಎಷ್ಟೋ ಹೊತ್ತು 96, 97 ಅಂತಲೇ ತೋರಿಸತ್ತೆ, ಜೋರು ಉಸಿರಾಟ ಅದನ್ನ ಎತ್ತಿ ಹಿಡಿದಿರತ್ತೆ.

ಆದ್ರೆ ಈ ಉಸಿರನ್ನ ಎಣಿಸೋದು ಅಂದ್ಕೊಂಡಷ್ಟು ಸುಲಭ ಅಲ್ಲ. ನಿಮ್ಮ ಉಸಿರು ಎಣಿಸ್ತೀನಿ ಅಂತ ಯಾರಾದ್ರೂ ಹೇಳಿದ್ರೆ ಸಾಕು, ನಿಮ್ಮ ಉಸಿರಿನ ಲಯ ಬದಲಾಗಿಬಿಡತ್ತೆ. ಅದಕ್ಕೇ ಅನುಭವಿ ನರ್ಸ್ ಮಣಿಕಟ್ಟು ಹಿಡಿದು ನಾಡಿ ನೋಡ್ತಾರೆ, ನಾಡಿ ಎಣಿಸಿ ಮುಗಿದ ಮೇಲೂ ಬೆರಳು ತೆಗೆಯಲ್ಲ. ಕಣ್ಣು ಗಡಿಯಾರದ ಮೇಲಿದೆ ಅನ್ಸತ್ತೆ, ನಿಜವಾಗಿ ಹೊದಿಕೆ ಏರಿಳಿಯೋದನ್ನ ನೋಡ್ತಾ ಪೂರ್ತಿ ಒಂದು ನಿಮಿಷ ಎಣಿಸ್ತಾ ಇರ್ತಾರೆ. ಮಾತಾಡುವಾಗ ರೋಗಿ ವಾಕ್ಯದ ಮಧ್ಯೆ ಉಸಿರಿಗೆ ನಿಲ್ತಿದ್ದಾನಾ, ಕತ್ತಿನ ಸ್ನಾಯು ಎಳೀತಿದೆಯಾ, ಇಷ್ಟೂ ಆ ಒಂದು ನಿಮಿಷದಲ್ಲೇ. ಕೆಲಸ ತುಂಬಾ ಇರೋ ವಾರ್ಡ್‌ಗಳಲ್ಲಿ ಮೊದಲು ಬಿಟ್ಟುಹೋಗೋದೂ ಇದೇ, ಎಣಿಸದೇ ಅಂದಾಜಿಗೆ 18, 20 ಅಂತ ಬರೆದುಬಿಡೋದು ಎಲ್ಲ ದೇಶದಲ್ಲೂ ಇರೋ ಸಮಸ್ಯೆ.

ಬ್ರಿಟನ್‌ನಲ್ಲಿ ಇದನ್ನೆಲ್ಲ ಒಂದು ಲೆಕ್ಕಕ್ಕೆ ತಂದಿದ್ದಾರೆ. ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ ಸ್ಕೋರ್ ಅದು, ರೋಗಿ ಹದಗೆಡ್ತಿದ್ದಾನಾ ಅಂತ ಮೊದಲೇ ಎಚ್ಚರಿಸೋದಕ್ಕೆ, ಈಗ ನ್ಯೂಸ್ 2 (ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್) ಅಂತಾರೆ. ಉಸಿರಿನ ಗತಿ, ಆಮ್ಲಜನಕದ ಮಟ್ಟ, ಹೊರಗಿಂದ ಆಕ್ಸಿಜನ್ ಕೊಡ್ತಿದ್ದೀವಾ, ಬಿಪಿ, ನಾಡಿ, ಎಚ್ಚರ, ಜ್ವರ, ಹೀಗೆ ಏಳು ಸಂಗತಿಗೆ ಅಂಕ, ಮಾಮೂಲಿಗಿಂತ ದೂರ ಹೋದಷ್ಟೂ ಅಂಕ ಜಾಸ್ತಿ. ಬೆಂಗಳೂರು, ಮಂಗಳೂರಲ್ಲಿ ನರ್ಸಿಂಗ್ ಓದಿ ಬ್ರಿಟನ್‌ಗೆ ಹೋಗೋ ನಮ್ಮ ಹುಡುಗ ಹುಡುಗಿಯರು ಅಲ್ಲಿನ ಪ್ರಾಕ್ಟಿಕಲ್ ಪರೀಕ್ಷೆಗೆ ಇದನ್ನೇ ಕೂತು ಅಭ್ಯಾಸ ಮಾಡ್ತಾರೆ. ಒಂದು ಉದಾಹರಣೆ ನೋಡಿ. ಹೊಟ್ಟೆ ಆಪರೇಷನ್ ಆಗಿ ಎರಡನೇ ರಾತ್ರಿ, ಎರಡು ಗಂಟೆಗೆ ರೋಗಿಯ ಉಸಿರು 22, ಆಮ್ಲಜನಕ 96, ಬಿಪಿಯ ಮೇಲಿನ ಅಂಕಿ 112, ನಾಡಿ 104, ಜ್ವರ 38.2, ಎಚ್ಚರವಾಗಿದ್ದಾನೆ. ಉಸಿರಿಗೆ 2, ನಾಡಿಗೆ 1, ಜ್ವರಕ್ಕೆ 1, ಒಟ್ಟು 4. ಒಂದು ಗಂಟೆ ಬಿಟ್ಟು ನೋಡಿದ್ರೆ ಉಸಿರು 26, ಆಮ್ಲಜನಕ 95, ಬಿಪಿ 108, ನಾಡಿ 116, ಜ್ವರ 38.4, ಜೊತೆಗೆ "ಬಸ್ಸು ಎಷ್ಟೊತ್ತಿಗೆ ಬರತ್ತೆ" ಅಂತ ಕೇಳ್ತಿದ್ದಾನೆ. ಮೊದಲಿಲ್ಲದ ಈ ಗೊಂದಲಕ್ಕೇ 3 ಅಂಕ, ಉಸಿರಿಗೆ 3, ನಾಡಿಗೆ 2, ಆಮ್ಲಜನಕ, ಬಿಪಿ, ಜ್ವರಕ್ಕೆ ಒಂದೊಂದು, ಎಲ್ಲ ಸೇರಿ 11. ಏಳು ಮುಟ್ಟಿದ್ರೇ ತುರ್ತು ಪರಿಸ್ಥಿತಿ. ಬರೀ ಬಿಪಿ ಮತ್ತು ಆಕ್ಸಿಮೀಟರ್ ನೋಡಿದ್ದವರಿಗೆ ಈ ಮನುಷ್ಯ ಆರಾಮಾಗಿದ್ದಾನೆ ಅನ್ಸತ್ತೆ, ಹೌದಲ್ವಾ? ನರ್ಸ್ ಡ್ಯೂಟಿ ಡಾಕ್ಟರನ್ನ ಎಬ್ಬಿಸ್ತಾರೆ, ಬರಲ್ಲ ಅಂದ್ರೆ ಅವರಿಗಿಂತ ಮೇಲಿನವರಿಗೆ ಫೋನ್ ಮಾಡ್ತಾರೆ. ಇದು ಸರಿಯಾಗಿ ಆದ್ರೆ ಬೆಳಗ್ಗೆ ಹೇಳ್ಕೊಳ್ಳೋಕೆ ಘಟನೆನೇ ಇರಲ್ಲ. ಸ್ಕ್ರಿಪ್ಟ್ ಬರೆಯೋರಿಗೆ ಬೇಕಾದ ಧಡಾರ್ ಅನ್ನೋ ಕ್ಷಣ ಇಲ್ಲಿ ಸಿಗಲ್ಲ.

ಟಿವಿ ಈ ದಾರಿ ಹಿಡಿದಿದ್ದು ಇವತ್ತಲ್ಲ. 1961ರಲ್ಲಿ ಅಮೆರಿಕದಲ್ಲಿ ಡಾಕ್ಟರ್ ಕಿಲ್ಡೇರ್, ಬೆನ್ ಕೇಸಿ ಅನ್ನೋ ಎರಡು ಸೀರೀಸ್ ಶುರುವಾದ್ವು, ಎರಡೂ ಭರ್ಜರಿ ಓಡಿದ್ವು. ಇವುಗಳ ಸ್ಕ್ರಿಪ್ಟ್‌ಗಳನ್ನ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಅಂದ್ರೆ ಡಾಕ್ಟರುಗಳ ಸಂಘದ ಒಂದು ಸಮಿತಿ ಓದಿ ಸಲಹೆ ಕೊಡ್ತಿತ್ತು, ಡಾಕ್ಟರ್ ದೇವರ ಹಾಗೆ ಕಂಡಿದ್ರಲ್ಲಿ ಆಶ್ಚರ್ಯ ಇಲ್ಲ. 1962ರಲ್ಲಿ ಸಿಬಿಎಸ್ ಚಾನೆಲ್ ನರ್ಸ್‌ಗಳನ್ನೇ ಮುಖ್ಯ ಪಾತ್ರ ಮಾಡಿ ದ ನರ್ಸಸ್ ಅಂತ ಒಂದು ಸೀರೀಸ್ ತಂತು, ಎರಡು ವರ್ಷದಲ್ಲಿ ಅದರೊಳಕ್ಕೆ ಡಾಕ್ಟರುಗಳನ್ನ ತಂದು ಕೂರಿಸಿ ಹೆಸರನ್ನೇ ದ ಡಾಕ್ಟರ್ಸ್ ಅಂಡ್ ದ ನರ್ಸಸ್ ಅಂತ ಬದಲಾಯಿಸಿದ್ರು. ಮುಂದಿನ ವರ್ಷ ಅದೂ ನಿಂತುಹೋಯ್ತು.

ಅದೇ ವರ್ಷಗಳಲ್ಲಿ ನಿಜವಾದ ಆಸ್ಪತ್ರೆಗಳಲ್ಲಿ ಏನು ನಡೀತಿತ್ತು ಗೊತ್ತಾ? 1961ರಲ್ಲಿ ಎಡಿನ್‌ಬರೊದ ಡೆಸ್ಮಂಡ್ ಜೂಲಿಯನ್ ಅನ್ನೋ ಡಾಕ್ಟರ್, ಹಾರ್ಟ್ ಅಟ್ಯಾಕ್ ಆದವರನ್ನೆಲ್ಲ ಒಂದೇ ಕಡೆ ಇಟ್ಟು ಇಸಿಜಿ ಮೇಲೆ ಸತತ ಕಣ್ಣಿಡಬೇಕು ಅಂತ ಬರೆದ್ರು. ಫಿಲಡೆಲ್ಫಿಯಾದಲ್ಲಿ ಲಾರೆನ್ಸ್ ಮೆಲ್ಟ್ಜರ್ ಅಂಥ ಘಟಕ ಮಾಡಿದಾಗ ಅವರ ಜೊತೆ ರೋಸ್ ಪಿನಿಯೊ ಅನ್ನೋ ನರ್ಸ್ ಇದ್ರು. ಹೃದಯ ಅದುರೋಕೆ ಶುರುವಾದ್ರೆ ಕೈಲಿರೋದು ಕೆಲವೇ ನಿಮಿಷ, ಡಾಕ್ಟರಿಗೆ ಹೇಳಿ ಕಳಿಸಿ ಅವರು ಬರೋಷ್ಟರಲ್ಲಿ ಮಿದುಳು ಸತ್ತಿರತ್ತೆ. ಹಾಗಾಗಿ ಇಸಿಜಿ ಓದೋದು, ತಾಳ ತಪ್ಪಿದ್ದನ್ನ ಗುರುತಿಸೋದು, ಡಾಕ್ಟರಿಗೆ ಕಾಯದೇ ಶಾಕ್ ಕೊಡೋದು, ಎಲ್ಲವನ್ನೂ ನರ್ಸ್‌ಗಳಿಗೇ ಕಲಿಸಿದ್ರು. ಆಗಿನ ಕಾಲಕ್ಕೆ ಇದು ದೊಡ್ಡ ಗಲಾಟೆಯ ವಿಷಯ, ನರ್ಸ್ ರೋಗ ಗುರುತಿಸಬಾರದು ಅನ್ನೋ ನಂಬಿಕೆ ಗಟ್ಟಿಯಾಗಿತ್ತು. ಆದ್ರೆ ಈ ಥರದ ಘಟಕಗಳು ಬಂದ ಮೇಲೆ ಆಸ್ಪತ್ರೆ ಸೇರಿದ ಹಾರ್ಟ್ ಅಟ್ಯಾಕ್ ರೋಗಿಗಳಲ್ಲಿ ಸಾವು ಸುಮಾರು 30 ಪರ್ಸೆಂಟ್‌ನಿಂದ ಸುಮಾರು ಅರ್ಧಕ್ಕೆ ಇಳೀತು. ಅರವತ್ತರ ದಶಕದಲ್ಲೇ ಪ್ಯಾಡಲ್ ನರ್ಸ್ ಕೈಗೆ ಬಂದಾಗಿತ್ತು, ಟಿವಿಯಲ್ಲಿ ಮಾತ್ರ ಆಮೇಲಿನ ದಶಕಗಳಲ್ಲೂ ಅದು ಡಾಕ್ಟರ್ ಕೈಯಲ್ಲೇ ಉಳೀತು.

ಹೌಸ್ ಸೀರೀಸ್ (2004ರಿಂದ 2012) ನೋಡಿದ್ರಂತೂ ರಕ್ತ ತೆಗೆಯೋದು, ಡ್ರಿಪ್ ಹಾಕೋದು, ಎಂಆರ್‌ಐ ಮಾಡೋದು, ಲ್ಯಾಬ್ ಟೆಸ್ಟ್ ಮಾಡೋದು, ರಾತ್ರಿ ರೋಗಿ ಪಕ್ಕ ಕೂರೋದು ಎಲ್ಲಾ ಡಾಕ್ಟರುಗಳೇ. ಗ್ರೇಸ್ ಅನಾಟಮಿ 2005ರಿಂದ ನಡೀತಾನೇ ಇದೆ, ಅಲ್ಲೂ ನರ್ಸ್‌ಗಳು ಮುನ್ನೆಲೆಗೆ ಬರೋದು ಹೆಚ್ಚಾಗಿ ಯಾವನೋ ಸರ್ಜನ್‌ನ ಪ್ರೇಮಪ್ರಸಂಗದ ದೆಸೆಯಿಂದ. ಇಆರ್ (1994) ಎಷ್ಟೋ ಮೇಲು. ಅದರ ಕ್ಯಾರಲ್ ಹಾಥವೇ ಮೊದಲ ಎಪಿಸೋಡ್‌ನಲ್ಲೇ ಆತ್ಮಹತ್ಯೆಗೆ ಯತ್ನಿಸಿ ರೋಗಿಯಾಗಿ ಬರ್ತಾಳೆ, ಅವಳನ್ನ ಅಲ್ಲೇ ಸಾಯಿಸೋ ಯೋಚನೆ ಇತ್ತು, ಪ್ರೇಕ್ಷಕರು ಮೆಚ್ಚಿದ್ದಕ್ಕೆ ಉಳಿಸಿಕೊಂಡ್ರು. ಮುಂದೆ ಅವಳು ಮೆಡಿಕಲ್ ಕಾಲೇಜಿನ ಪ್ರವೇಶ ಪರೀಕ್ಷೆ ಬರೆದು, ಚೆನ್ನಾಗಿ ಮಾಡಿ, ಬೇಡ ನಾನು ನರ್ಸ್ ಆಗೇ ಇರ್ತೀನಿ ಅಂತ ನಿರ್ಧರಿಸ್ತಾಳೆ. ಅದು ನನಗೆ ಬಹಳ ಹಿಡಿಸಿದ ತಿರುವು. ಅದೇ ಸೀರೀಸ್‌ನ ಆಬಿ ಲಾಕ್‌ಹಾರ್ಟ್ ಮಾತ್ರ ನರ್ಸ್ ಕೆಲಸ ಬಿಟ್ಟು ಡಾಕ್ಟರ್ ಆಗ್ತಾಳೆ, ಬುದ್ಧಿ ಇರೋ ನರ್ಸ್ ಕೊನೆಗೆ ಡಾಕ್ಟರೇ ಆಗಬೇಕು ಅನ್ನೋ ಹಾಗೆ. ನರ್ಸ್ ಜಾಕಿ (2009) ಬಂದಾಗ ನ್ಯೂಯಾರ್ಕ್‌ನ ನರ್ಸ್‌ಗಳ ಸಂಘ ಪ್ರತಿಭಟಿಸ್ತು, ನೋವಿನ ಮಾತ್ರೆಗೆ ದಾಸಿಯಾದ ನರ್ಸ್‌ನ ತೋರಿಸಿದ್ದಾರೆ ಅಂತ. ಅವರ ಸಿಟ್ಟು ಅರ್ಥ ಆಗತ್ತೆ, ಆದ್ರೂ ಆ ಸೀರೀಸ್‌ನ ಮೊದಲ ಎಪಿಸೋಡ್‌ನಲ್ಲಿ ಒಂದು ವಿಷಯ ಸರಿಯಾಗಿದೆ: ಸೈಕಲ್‌ನಿಂದ ಬಿದ್ದು ಬಂದ ಹುಡುಗನಿಗೆ ಮಿದುಳಲ್ಲಿ ರಕ್ತಸ್ರಾವ ಇರಬಹುದು ಅಂತ ಜಾಕಿ ಹೇಳ್ತಾಳೆ, ಡಾಕ್ಟರ್ ಕಿವಿಗೆ ಹಾಕ್ಕೊಳ್ಳಲ್ಲ, ಹುಡುಗ ಸಾಯ್ತಾನೆ.

ಟಿವಿ ನೋಡಿ ಜನ ಏನು ನಂಬ್ತಾರೆ ಅನ್ನೋದು ಸಣ್ಣ ವಿಷಯ ಅಲ್ಲ. 1996ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಲೇಖನವೊಂದು ಇಆರ್, ಚಿಕಾಗೊ ಹೋಪ್, ರೆಸ್ಕ್ಯೂ 911 ಎಪಿಸೋಡ್‌ಗಳನ್ನ ಕೂತು ಲೆಕ್ಕ ಹಾಕ್ತು: ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ಮಾಡೋ ಚಿಕಿತ್ಸೆ) ಮಾಡಿಸ್ಕೊಂಡವರಲ್ಲಿ 75 ಪರ್ಸೆಂಟ್ ಜನ ಆ ಕ್ಷಣಕ್ಕೆ ಬದುಕಿದ್ರು. ನಿಜವಾದ ಆಸ್ಪತ್ರೆಯಲ್ಲಿ ಹೃದಯ ನಿಂತವರಲ್ಲಿ ಬದುಕಿ ಮನೆಗೆ ಹೋಗೋರು ಇವತ್ತಿಗೂ ಹೆಚ್ಚೆಂದ್ರೆ ಕಾಲು ಭಾಗ. ನಿಂತ ಮೇಲೆ ಎಬ್ಬಿಸೋದು ಇಷ್ಟು ಕಷ್ಟ ಅಂದ ಮೇಲೆ ನಿಲ್ಲೋಕೆ ಮೊದಲೇ ಹಿಡಿಯೋರ ಬೆಲೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಆ ಲೆಕ್ಕವನ್ನೂ ಮಾಡಿದ್ದಾರೆ. ಲಿಂಡಾ ಐಕನ್ ಅನ್ನೋ ಸಂಶೋಧಕಿ ಮತ್ತು ಅವರ ತಂಡ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಎರಡು ಲಕ್ಷಕ್ಕೂ ಹೆಚ್ಚು ಸರ್ಜರಿ ರೋಗಿಗಳ ದಾಖಲೆ ನೋಡಿ 2002ರಲ್ಲಿ ಬರೆದ್ರು: ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದ್ರೆ, 30 ದಿನದೊಳಗೆ ರೋಗಿ ಸಾಯೋ ಸಂಭವ 7 ಪರ್ಸೆಂಟ್ ಏರತ್ತೆ. ನಾಲ್ಕು ರೋಗಿ ನೋಡ್ಕೋಬೇಕಾದವರು ಎಂಟು ಜನರನ್ನ ನೋಡ್ಕೊಂಡ್ರೆ 31 ಪರ್ಸೆಂಟ್. ತೊಡಕು ಬರೋದು ಯಾವ ಆಸ್ಪತ್ರೆಯಲ್ಲೂ ತಪ್ಪಲ್ಲ, ಬಂದ ತೊಡಕನ್ನ ಹೊತ್ತಿಗೆ ಸರಿಯಾಗಿ ಹಿಡಿದ್ರಾ ಇಲ್ವಾ ಅನ್ನೋದರಲ್ಲೇ ಆಸ್ಪತ್ರೆ ಆಸ್ಪತ್ರೆಗೂ ವ್ಯತ್ಯಾಸ. ಎಂಟು ಜನ ಇದ್ದಾಗ ಆ ಒಂದು ನಿಮಿಷದ ಉಸಿರೆಣಿಕೆ ಯಾರಿಗೋ ತಪ್ಪಿಹೋಗತ್ತೆ. 2014ರಲ್ಲಿ ಯುರೋಪಿನ ಒಂಬತ್ತು ದೇಶಗಳ ದಾಖಲೆ ನೋಡಿದಾಗಲೂ ಹೆಚ್ಚುಕಡಿಮೆ ಅದೇ 7 ಪರ್ಸೆಂಟ್ ಸಿಕ್ತು. ಕ್ಯಾಲಿಫೋರ್ನಿಯಾ 1999ರಲ್ಲೇ ಒಬ್ಬ ನರ್ಸ್‌ಗೆ ಇಂತಿಷ್ಟೇ ರೋಗಿ ಅಂತ ಕಾನೂನು ಮಾಡಿ 2004ರಿಂದ ಜಾರಿಗೆ ತಂತು, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ 2016ರಲ್ಲಿ ತಂತು.

ಅಂದಹಾಗೆ, ನರ್ಸಿಂಗ್ ಕೆಲಸಕ್ಕೆ ಹೊಸ ರೂಪ ಕೊಟ್ಟ ಫ್ಲಾರೆನ್ಸ್ ನೈಟಿಂಗೇಲ್ ಅಂದ್ರೆ ಎಲ್ಲರಿಗೂ ನೆನಪಾಗೋದು ದೀಪ. ಆದ್ರೆ 1859ರ ಅವರ ಪುಸ್ತಕದಲ್ಲಿ ರೋಗಿಯನ್ನ ಗಮನಿಸೋದು ಹೇಗೆ ಅನ್ನೋದಕ್ಕೇ ಒಂದು ಇಡೀ ಅಧ್ಯಾಯ ಇದೆ. ಅವರು ಸಂಖ್ಯಾಶಾಸ್ತ್ರದಲ್ಲೂ ಪಳಗಿದವರು, ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ತಡೆಯಬಹುದಾಗಿದ್ದ ಕಾಯಿಲೆಗಳಿಂದ ಸತ್ತಿದ್ದನ್ನ ಚಿತ್ರ ಬರೆದು ಸರ್ಕಾರದ ಮುಂದೆ ಇಟ್ಟವರು.

2025ರಲ್ಲಿ ಬಂದ ದ ಪಿಟ್ ಈ ವಿಷಯದಲ್ಲಿ ನನಗೆ ಭರವಸೆ ಕೊಟ್ಟ ಸೀರೀಸ್. ಪಿಟ್ಸ್‌ಬರ್ಗ್‌ನ ಒಂದು ಎಮರ್ಜೆನ್ಸಿ ವಿಭಾಗ, ಒಂದು ಎಪಿಸೋಡ್ ಅಂದ್ರೆ ಶಿಫ್ಟ್‌ನ ಒಂದು ಗಂಟೆ. ಚಾರ್ಜ್ ನರ್ಸ್ ಡೇನಾ ಇಡೀ ವಿಭಾಗವನ್ನ ನಡೆಸ್ತಾಳೆ, ಹೊಸ ಡಾಕ್ಟರುಗಳು ಅವಳನ್ನ ಕೇಳಿ ಕಲೀತಾರೆ, ಒಬ್ಬ ರೋಗಿ ಅವಳ ಮುಖಕ್ಕೇ ಗುದ್ದುತ್ತಾನೆ, ಶಿಫ್ಟ್ ಮುಗಿಯೋ ಹೊತ್ತಿಗೆ ಕೆಲಸವೇ ಬಿಡೋ ಯೋಚನೆ ಅವಳಿಗೆ. ಆ ಪಾತ್ರ ಮಾಡಿದ ಕ್ಯಾಥರೀನ್ ಲನಾಸಾಗೆ ಎಮ್ಮಿ ಪ್ರಶಸ್ತಿ ಬಂತು. ಮೊದಲ ಎಪಿಸೋಡ್‌ನಲ್ಲೇ ಒಂದು ಜಗಳ ಇದೆ: ಕೆಳಗೆ ಎಮರ್ಜೆನ್ಸಿಯಲ್ಲಿ ರೋಗಿಗಳು ಗಂಟೆಗಟ್ಟಲೆ ಬಿದ್ದಿದ್ದಾರೆ, ಅವರನ್ನ ಮೇಲಿನ ವಾರ್ಡ್‌ಗೆ ಕಳಿಸೋಣ ಅಂದ್ರೆ ನೋಡ್ಕೊಳ್ಳೋಕೆ ನರ್ಸ್‌ಗಳು ಸಾಲಲ್ಲ.

ಆದ್ರೆ ಕ್ಯಾಮೆರಾ ಆ ಮೇಲಿನ ವಾರ್ಡ್‌ಗೆ ಹತ್ತಲೇ ಇಲ್ಲ. ಎಮರ್ಜೆನ್ಸಿಗೆ ಬರೋ ಹೊತ್ತಿಗೆ ಅಪಾಯ ಎಲ್ಲರ ಕಣ್ಣಿಗೂ ಕಾಣೋ ಹಾಗೆ ಆಗಿರತ್ತೆ, ಅದು ಇನ್ನೂ ಕಾಣದ ಸ್ಥಿತಿಯಲ್ಲಿರೋದು ವಾರ್ಡ್‌ನಲ್ಲಿ. ಇಪ್ಪತ್ತು ಬೆಡ್, ಮೂರು ನರ್ಸ್, ರಾತ್ರಿ ಎಂಟರ ಪಾಳಿ ಒಪ್ಪಿಸೋ ಹ್ಯಾಂಡೋವರ್‌ನಿಂದ ಬೆಳಗ್ಗೆ ಎಂಟರ ಹ್ಯಾಂಡೋವರ್‌ವರೆಗೆ ಒಂದೊಂದು ಗಂಟೆಗೆ ಒಂದೊಂದು ಎಪಿಸೋಡ್, ಹನ್ನೆರಡು ಎಪಿಸೋಡ್. ಹದಿನಾಲ್ಕನೇ ಬೆಡ್‌ನವನ ಉಸಿರು 18 ಇದ್ದದ್ದು 20, 22 ಅಂತ ಏರ್ತಾ ಹೋಗೋದು ಪ್ರೇಕ್ಷಕರಿಗೆ ಮೊದಲೇ ಗೊತ್ತಿರ್ಲಿ, ನರ್ಸ್ ಅಷ್ಟರಲ್ಲಿ ಆರನೇ ಬೆಡ್‌ನಲ್ಲಿ ಸಿಕ್ಕಿಹಾಕ್ಕೊಂಡಿರ್ಲಿ. ಯಾರಾದ್ರೂ ಇದನ್ನ ತೆಗೆದ್ರೆ ನಾನಂತೂ ಒಂದೇ ರಾತ್ರಿಯಲ್ಲಿ ಕೂತು ಹನ್ನೆರಡನ್ನೂ ನೋಡಿ ಮುಗಿಸ್ತೀನಿ.