ತಗಾಜೋ ನಗರದ ಮೂರು ದಾಖಲೆಗಳು ಮತ್ತು ನೆಲದ ಸಾಕ್ಷಿ

ಜಪಾನಿನ ಈಶಾನ್ಯ ಕರಾವಳಿಯಲ್ಲಿ, ಸೆಂದಾಯ್ ಮಹಾನಗರಕ್ಕೆ ಅಂಟಿಕೊಂಡಂತೆ, ತಗಾಜೋ ಎಂಬ ಚಿಕ್ಕ ನಗರವಿದೆ. ಅಲ್ಲಿ ಪ್ರಾಚೀನ ತಗಾ ಕೋಟೆಯಿದ್ದ ಗುಡ್ಡದ ಮೇಲೆ, ಮರದ ಜಾಲರಿಯ ಗೋಡೆಗಳಿರುವ ಪುಟ್ಟ ಮಂಟಪದೊಳಗೆ, ಸುಮಾರು ಎರಡು ಮೀಟರ್ ಎತ್ತರದ ಮರಳುಗಲ್ಲಿನ ಶಾಸನವೊಂದು ನಿಂತಿದೆ. ಅದರ ನೆತ್ತಿಯಲ್ಲಿ ‘ಪಶ್ಚಿಮ’ ಎಂಬ ಅರ್ಥದ ಒಂದೇ ಒಂದು ದೊಡ್ಡ ಅಕ್ಷರವಿದೆ. ಉಳಿದ ಬರಹ, ಒಟ್ಟು ಸುಮಾರು 140 ಅಕ್ಷರಗಳಷ್ಟು, ಕೆಳಗೆ ಗೆರೆ ಕೊರೆದ ಚೌಕಟ್ಟಿನೊಳಗಿದೆ. ರಾಜಧಾನಿ ಇಲ್ಲಿಂದ 1500 ರಿ (ಆ ಕಾಲದ ದೂರದ ಅಳತೆ) ದೂರದಲ್ಲಿದೆ, ರಾಜಾಳ್ವಿಕೆಗೆ ಒಳಪಡದ ಈಶಾನ್ಯದ ಎಮಿಶಿ ಜನರ ಗಡಿ 120 ರಿ ದೂರದಲ್ಲಿದೆ ಎಂದು ಆರಂಭಿಸಿ, ಈ ಕೋಟೆಯನ್ನು ಕ್ರಿ.ಶ. 724ರಲ್ಲಿ ಓನೊ ನೊ ಅಜುಮಾಹಿತೊ ಕಟ್ಟಿಸಿದನೆಂದೂ 762ರಲ್ಲಿ ಫುಜಿವಾರಾ ನೊ ಅಸಾಕರಿ ಜೀರ್ಣೋದ್ಧಾರ ಮಾಡಿಸಿದನೆಂದೂ ಅದು ಹೇಳುತ್ತದೆ.

ಹದಿನೇಳನೆಯ ಶತಮಾನದಲ್ಲಿ ಬೆಳಕಿಗೆ ಬಂದ ಈ ಕಲ್ಲನ್ನು, ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಹಲವು ವಿದ್ವಾಂಸರು ಕೂಟಶಾಸನವೆಂದು, ಅಂದರೆ ನಕಲಿಯೆಂದು, ಬಗೆದರು. ಅವರ ಅನುಮಾನ ಹುರುಳಿಲ್ಲದ್ದೇನೂ ಆಗಿರಲಿಲ್ಲ. ಅಸಾಕರಿಯ ಪದವಿ ಈ ಕಲ್ಲಿನ ಮೇಲೆ ಆ ಕಾಲದ ಅಧಿಕೃತ ರಾಜಚರಿತ್ರೆಯಾದ ‘ಶೋಕು ನಿಹೊಂಗಿ’ಯಲ್ಲಿರುವುದಕ್ಕಿಂತ ಒಂದು ಮೆಟ್ಟಿಲು ಮೇಲಿತ್ತು. ಕೋಟೆಯನ್ನು 724ರಲ್ಲಿ ಕಟ್ಟಿದ ಸಂಗತಿಯಾಗಲಿ, 762ರ ಜೀರ್ಣೋದ್ಧಾರವಾಗಲಿ ಆ ಚರಿತ್ರೆಯಲ್ಲಿ ಇರಲೇ ಇಲ್ಲ. ಆ ನಾಡನ್ನಾಳಿದ ದಾತೆ ಮನೆತನದವರು ತಮ್ಮ ಸೀಮೆಗೆ ಹಳಮೆಯ ಹೆಮ್ಮೆ ತರಲು ಇದನ್ನು ಕೆತ್ತಿಸಿರಬಹುದೆಂಬ ಊಹೆ ಬಲವಾಯಿತು. ಒಂದು ಬರಹವನ್ನು ಇನ್ನೊಂದು ಬರಹದೊಡನೆ ಹೋಲಿಸಿ ನೋಡುವುದಷ್ಟೇ ಆಗ ಸಾಧ್ಯವಿದ್ದುದರಿಂದ ಈ ವಾದ ಮುಗಿಯುವಂತಿರಲಿಲ್ಲ.

ಅದನ್ನು ಮುಗಿಸಿದ್ದು 1960ರ ದಶಕದಲ್ಲಿ ಶುರುವಾದ ಉತ್ಖನನ. ಗುಡ್ಡದ ಮೇಲಿನ ಆಡಳಿತ ಕಟ್ಟಡಗಳು ಒಂದೇ ಜಾಗದಲ್ಲಿ ನಾಲ್ಕು ಸಲ ಎದ್ದು ನಿಂತಿದ್ದುದು ಮಣ್ಣಿನ ಪದರಗಳಿಂದ ಗೊತ್ತಾಯಿತು. ಮೊದಲ ಹಂತದ ಮುಖ್ಯ ಕಟ್ಟಡಗಳ ಕಂಬಗಳನ್ನು ನೇರವಾಗಿ ನೆಲದ ಗುಂಡಿಗಳಲ್ಲಿ ಹುಗಿದಿದ್ದರು. ಎರಡನೆಯ ಹಂತದಲ್ಲಿ ಅದೇ ಜಾಗದಲ್ಲಿ ಕಲ್ಲಿನ ಅಡಿಪೀಠಗಳ ಮೇಲೆ ಕಂಬ ನಿಲ್ಲಿಸಿ ಎಲ್ಲವನ್ನೂ ಹೊಸದಾಗಿ, ಹೆಚ್ಚಿನ ಠೀವಿಯಿಂದ ಕಟ್ಟಿದ್ದರು. ಹೀಗೆ, ಯಾವ ಗ್ರಂಥವೂ ಹೇಳದಿದ್ದ, ಕಲ್ಲು ಮಾತ್ರ ಹೇಳುತ್ತಿದ್ದ ಜೀರ್ಣೋದ್ಧಾರವೊಂದು ಮಣ್ಣಿನೊಳಗಿಂದ ಎದ್ದು ಬಂದಿತು. ಹದಿನೇಳನೆಯ ಶತಮಾನದ ಕೂಟಶಾಸನಕಾರನಿಗೆ ನೆಲದಡಿಯ ಈ ಸಂಗತಿ ತಿಳಿದಿರಲು ದಾರಿಯೇ ಇರಲಿಲ್ಲ. ರಸ್ತೆಯಡಿಯ ಕಲ್ಲುಗಾಲುವೆಯ ಮಣ್ಣಿನಲ್ಲಿ ದೊರೆತ ಮರದ ಬರಹಪಟ್ಟಿಗಳೂ ಕೋಟೆಯ ಆರಂಭವನ್ನು 720ರ ದಶಕದ ಮೊದಲ ವರ್ಷಗಳ ಹತ್ತಿರಕ್ಕೇ ತಂದು ನಿಲ್ಲಿಸಿದವು. ದೂರದ ಲೆಕ್ಕವನ್ನೂ ಪರೀಕ್ಷಿಸಬಹುದು. ಆ ಕಾಲದ ಒಂದು ರಿ ಎಂದರೆ ಅರ್ಧ ಕಿಲೋಮೀಟರಿಗಿಂತ ತುಸು ಹೆಚ್ಚು. ಹಾಗಾಗಿ 1500 ರಿ ಎಂದರೆ ಸುಮಾರು 800 ಕಿಲೋಮೀಟರ್, ಅಂದರೆ ನಾರಾ ರಾಜಧಾನಿಯಿಂದ ಹಾದಿ ಹಿಡಿದು ನಡೆದು ಬರುವವನಿಗೆ ಒಪ್ಪುವಂಥ ದೂರ. ಕೂಟವೆನ್ನಿಸಿಕೊಂಡಿದ್ದ ಈ ಶಾಸನವನ್ನು ಜಪಾನ್ ಸರ್ಕಾರ 2024ರಲ್ಲಿ ರಾಷ್ಟ್ರೀಯ ನಿಧಿಯೆಂದು ಘೋಷಿಸಿತು.

ಉತ್ಖನನದಲ್ಲಿ ಸಿಕ್ಕ ಇನ್ನೊಂದು ವಸ್ತುವನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಚರ್ಮದ ಚೂರಿನಂತೆ ಕಪ್ಪಗೆ ಸುರುಟಿಕೊಂಡಿದ್ದ ಅದನ್ನು ಮೊದಲು ಏನೆಂದು ಗುರುತಿಸಲಾಗಿರಲಿಲ್ಲ. ವಾಸ್ತವವಾಗಿ ಅದು ಕಾಗದ. ಉರುಶಿ ಮರದ ಅಂಟನ್ನು ಮೆರುಗೆಣ್ಣೆಯಾಗಿ ಬಳಸುತ್ತಿದ್ದ ಕುಶಲಕರ್ಮಿಗಳು, ಅದು ಒಣಗದಿರಲೆಂದು ಸರ್ಕಾರಿ ದಫ್ತರದ ರದ್ದಿ ಕಾಗದವನ್ನು ಪಾತ್ರೆಯ ಮೇಲೆ ಮುಚ್ಚಳದಂತೆ ಹೊದಿಸುತ್ತಿದ್ದರು. ಅಂಟು ಹೀರಿಕೊಂಡ ಭಾಗ ಮಾತ್ರ ಸಾವಿರದಿನ್ನೂರು ವರ್ಷ ಮಣ್ಣಿನಲ್ಲಿ ಕೊಳೆಯದೆ ಉಳಿಯಿತು. ಬರಿಗಣ್ಣಿಗೆ ಕಪ್ಪಿನ ಮೇಲೆ ಕಪ್ಪು. ಅವಕೆಂಪು ಕಿರಣಗಳ ಕ್ಯಾಮೆರಾದಡಿ ಹಿಡಿದರೆ ಮಸಿಯ ಅಕ್ಷರಗಳು ಎದ್ದು ಕಾಣುತ್ತವೆ. ಜನಗಣತಿಯ ತುಣುಕು, ಪಂಚಾಂಗದ ತುಣುಕು, ಧಾನ್ಯದ ಲೆಕ್ಕ ಹೀಗೆ ಓದಲು ಸಿಕ್ಕಿದವು. ರಾಜಚರಿತ್ರೆಯನ್ನು ಬರೆದವರಿಗೆ ಒಬ್ಬ ಅರಸನನ್ನು ಮೆಚ್ಚಿಸುವ ಹಂಗಿತ್ತು. ರದ್ದಿ ಕಾಗದಕ್ಕೆ ಅಂಥ ಹಂಗಿಲ್ಲದ ಕಾರಣ ಇತಿಹಾಸವನ್ನು ಒರೆಗೆ ಹಚ್ಚುವವರು ಇದನ್ನು ಚಿನ್ನದಂತೆ ಕಾಣುತ್ತಾರೆ.

ಎರಡನೆಯ ದಾಖಲೆಯನ್ನು ಬೇಗ ಹೇಳಿ ಮುಗಿಸಬಹುದು. ಕ್ರಿ.ಶ. 780ರಲ್ಲಿ ಕೊರೆಹಾರಿ ನೊ ಅಜಾಮಾರೊ ಎಂಬ ಎಮಿಶಿ ಮೂಲದ ಅಧಿಕಾರಿ ದಂಗೆಯೆದ್ದನೆಂದೂ ಬಂಡಾಯಗಾರರು ತಗಾ ಕೋಟೆಯ ಉಗ್ರಾಣಗಳನ್ನು ದೋಚಿ ಉಳಿದುದಕ್ಕೆ ಬೆಂಕಿಯಿಟ್ಟರೆಂದೂ ‘ಶೋಕು ನಿಹೊಂಗಿ’ ಹೇಳುತ್ತದೆ. ಎರಡನೆಯ ಹಂತದ ಕಟ್ಟಡಗಳ ಮೇಲೆ ಇದ್ದಿಲು, ಕೆಂಪಗೆ ಬೆಂದ ಮಣ್ಣು, ಸುಟ್ಟ ಹೆಂಚು ಹರಡಿಕೊಂಡಿರುವುದರಿಂದ ಬೆಂಕಿ ಬಿದ್ದುದು ನಿಜ. ಆದರೆ ಇಲ್ಲಿ ಒಂದು ಎಚ್ಚರ ಬೇಕು. ಮಣ್ಣಿನ ಪದರ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಹೇಳುತ್ತದೆಯೇ ಹೊರತು ಇಸವಿಯನ್ನು ಹೇಳುವುದಿಲ್ಲ. ಸುಟ್ಟ ಪದರಕ್ಕೆ 780 ಎಂಬ ವರ್ಷವನ್ನು ನಾವು ಗ್ರಂಥದಿಂದಲೇ ಎರವಲು ತಂದು, ಆಮೇಲೆ ಆ ಪದರವನ್ನೇ ತೋರಿಸಿ ಗ್ರಂಥ ನಿಜವೆಂದರೆ, ನಾವು ಸುತ್ತಿ ಸುತ್ತಿ ಹೊರಟ ಜಾಗಕ್ಕೇ ಬಂದಂತಾಗುತ್ತದೆ. ಒಂದು ಬರಹವನ್ನು ನಿಜವಾಗಿ ಪರೀಕ್ಷಿಸಬೇಕಾದರೆ ಆ ಬರಹಕ್ಕೆ ಋಣಿಯಲ್ಲದ ಸಾಕ್ಷಿ ಬೇಕು. ಮೂರನೆಯ ದಾಖಲೆಗೆ ಅಂಥ ಸಾಕ್ಷಿ ದೊರೆತದ್ದರಿಂದಲೇ ಅದು ತಗಾಜೋದ ಚರಿತ್ರೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದೆಂದು ನಾನು ತಿಳಿದಿದ್ದೇನೆ.

ಕ್ರಿ.ಶ. 901ರಲ್ಲಿ ಪೂರ್ಣಗೊಂಡ ‘ನಿಹೊನ್ ಸಂದಾಯ್ ಜಿತ್ಸುರೋಕು’ ಎಂಬ ರಾಜಚರಿತ್ರೆಯಲ್ಲಿ ಜೋಗಾನ್ ಶಕೆಯ 11ನೆಯ ವರ್ಷದ, ಅಂದರೆ 869ರ ಬೇಸಿಗೆಯ, ಒಂದು ದಿನದ ಟಿಪ್ಪಣಿಯಿದೆ. ಈಶಾನ್ಯದ ಮುತ್ಸು ಪ್ರಾಂತ್ಯದಲ್ಲಿ ನೆಲ ಬಲವಾಗಿ ನಡುಗಿತು. ಹರಿಯುವ ಬೆಳಕೊಂದು ಹಗಲಿನಂತೆ ಬೆಳಗಿ ಮರೆಯಾಯಿತು. ಜನ ಕೂಗಿಕೊಂಡರು, ನೆಲಕ್ಕೆ ಬಿದ್ದವರು ಏಳಲಾರದೆ ಹೋದರು. ಕುದುರೆ ದನಗಳು ಬೆದರಿ ಒಂದನ್ನೊಂದು ತುಳಿದವು. ಕೋಟೆಯ ಉಗ್ರಾಣ, ಬಾಗಿಲು, ಗೋಡೆಗಳು ಲೆಕ್ಕವಿಲ್ಲದಷ್ಟು ಉರುಳಿದವು ಎನ್ನುತ್ತದೆ ಅದು. ಆಮೇಲೆ ಕಡಲು ಗುಡುಗಿನಂತೆ ಮೊರೆದು, ಅಲೆಗಳು ಉಬ್ಬಿ ಬಂದು, ನೋಡನೋಡುತ್ತ ಕೋಟೆಯ ಕೆಳಗಿನ ಊರನ್ನು ಮುಟ್ಟಿದವು. ಹೊಲ, ಹಾದಿಗಳೆಲ್ಲ ಕಡಲಾದವು. ದೋಣಿ ಹತ್ತಲೂ ಬಿಡುವಿಲ್ಲದೆ, ಗುಡ್ಡ ಏರಲೂ ಆಗದೆ ಸುಮಾರು ಸಾವಿರ ಜನ ಮುಳುಗಿ ಸತ್ತರು.

ಇಷ್ಟು ಹೇಳುವ ಟಿಪ್ಪಣಿ ಆ ಕೋಟೆಯ ಹೆಸರನ್ನು ಮಾತ್ರ ಹೇಳುವುದಿಲ್ಲ. ಅದು ತಗಾ ಕೋಟೆಯೇ ಎಂದು ವಾದಿಸಿ 1906ರಲ್ಲಿ ಲೇಖನ ಬರೆದವರು ಇತಿಹಾಸ ಭೂಗೋಳದ ವಿದ್ವಾಂಸ ಯೋಶಿದಾ ತೋಗೊ. ಆದರೂ ಈ ಅನಾಹುತ ಎಷ್ಟು ದೊಡ್ಡದು ಎಂಬ ಪ್ರಶ್ನೆ ಹಾಗೇ ಉಳಿಯಿತು. ರಾಜಧಾನಿಯಲ್ಲಿ ಕುಳಿತು, ಚೀನೀ ಶೈಲಿಯ ಅಲಂಕಾರದ ಗದ್ಯದಲ್ಲಿ ಬರೆದ ಲಿಪಿಕಾರ ಎಷ್ಟು ಉಪ್ಪುಕಾರ ಹಚ್ಚಿದ್ದಾನೆಂದು ಯಾರು ಹೇಳಬಲ್ಲರು?

ಉತ್ತರ ಸೆಂದಾಯ್ ಬಯಲಿನ ಭತ್ತದ ಗದ್ದೆಗಳ ಅಡಿಯಲ್ಲಿತ್ತು. ಅಲ್ಲಿ ಅಗೆದರೆ ಸಿಗುವುದು ಬಹುಪಾಲು ಕಪ್ಪು ಜೌಗುಮಣ್ಣು, ಕೆಸರು. ಅದರ ನಡುವೆ ಒಂದು ಕಡೆ, ಚಾಕುವಿನಿಂದ ಕೊಯ್ದು ತುಂಬಿದ ಹಾಗೆ, ಕೆಲವೇ ಸೆಂಟಿಮೀಟರ್ ದಪ್ಪದ ತಿಳಿಬಣ್ಣದ ಮರಳಿನ ಪದರ ಬರುತ್ತದೆ. ಒಳನಾಡಿನತ್ತ ಸರಿದಂತೆ ಅದು ತೆಳುವಾಗುತ್ತ ಹೋಗುತ್ತದೆ. ಮರಳಿನಲ್ಲಿ ಡಯಾಟಮ್ ಎಂಬ, ಗಾಜಿನಂಥ ಚಿಪ್ಪುಳ್ಳ ಏಕಕೋಶ ಪಾಚಿಗಳಿದ್ದು, ಸಿಹಿನೀರಿನ ಗದ್ದೆಯಲ್ಲಿ ಇರಬಾರದ ಉಪ್ಪುನೀರಿನ ಜಾತಿಗಳು ಅವುಗಳಲ್ಲಿ ಸೇರಿವೆ. ಹೊಳೆಯ ನೆರೆ ಅವನ್ನು ತರಲಾರದು, ಕಡಲೇ ತಂದಿರಬೇಕು. ಇನ್ನು ಕಾಲದ ಮಾತು. ಮರಳಿನ ಸ್ವಲ್ಪ ಮೇಲೆ ಬೆಳ್ಳಗಿನ ಬೂದಿಯ ಪದರವಿದೆ. ಅದು ಉತ್ತರದ ತೋವಾದಾ ಜ್ವಾಲಾಮುಖಿ 915ರಲ್ಲಿ ಉಗುಳಿದ ಬೂದಿ. ಮರಳು ಬೂದಿಗಿಂತ ಕೆಳಗಿದೆಯೆಂದರೆ 915ಕ್ಕಿಂತ ಮೊದಲಿನದು, ಬಹಳ ಕೆಳಗಿಲ್ಲವೆಂದರೆ ಬಹಳ ಮೊದಲಿನದಲ್ಲ. ವಿಕಿರಣಶೀಲ ಇಂಗಾಲದ ಪರೀಕ್ಷೆ ಹಲವು ದಶಕಗಳಷ್ಟು ಆಚೀಚೆ ಆಗಬಹುದಾದ್ದರಿಂದ ಅದೊಂದೇ ಇಸವಿಯನ್ನು ಇಷ್ಟು ಇಕ್ಕಟ್ಟಿಗೆ ತರಲಾರದು, ಬೂದಿ ತಂದಿತು.

ಅಣುಸ್ಥಾವರವೊಂದರ ಸುರಕ್ಷತೆಗಾಗಿ ವಿದ್ಯುತ್ ಕಂಪನಿಯ ತಂತ್ರಜ್ಞರು ನಡೆಸಿದ ಶೋಧ 1990ರಲ್ಲೂ, ತೊಹೊಕು ವಿಶ್ವವಿದ್ಯಾಲಯದ ಮಿನೌರಾ ಕೋಜಿ ಮತ್ತು ಸಂಗಡಿಗರ ಅಧ್ಯಯನ 1991ರಲ್ಲೂ ಪ್ರಕಟವಾದವು. ಇಂಥ ಅಲೆಗಳು ಮರಳಿ ಬರುವ ಅವಧಿಯನ್ನು ಲೆಕ್ಕ ಹಾಕಿದ ಮಿನೌರಾ ತಂಡ, ಜೋಗಾನ್ ಸುನಾಮಿ ಕಳೆದು 1100 ವರ್ಷಗಳಿಗೂ ಹೆಚ್ಚು ಆಗಿರುವುದರಿಂದ ಮತ್ತೊಂದು ಬರುವ ಸಾಧ್ಯತೆ ಹೆಚ್ಚೆಂದು 2001ರಲ್ಲಿ ಬರೆಯಿತು. ಬಳಿಕ ಸರ್ಕಾರಿ ಸಂಶೋಧನಾ ಸಂಸ್ಥೆಯ ಭೂವಿಜ್ಞಾನಿಗಳು ಮರಳು ಎಷ್ಟು ದೂರ ಹರಡಿದೆಯೋ ಅಷ್ಟು ದೂರ ನೀರು ಬರಬೇಕಾದರೆ ಕಡಲತಳ ಎಷ್ಟು ಬಿರಿದಿರಬೇಕೆಂದು ಗಣಕದಲ್ಲಿ ಲೆಕ್ಕ ಹಾಕಿದಾಗ, ಆ ಭೂಕಂಪದ ತೀವ್ರತೆ ಸುಮಾರು 8.4 ಎಂದು ಬಂದಿತು. ಅದೇ ಸಂಸ್ಥೆಯ ಒಕಾಮುರಾ ಯುಕಿನೊಬು, ಫುಕುಶಿಮಾ ಅಣುಸ್ಥಾವರದ ಸುರಕ್ಷತೆಯನ್ನು ಪರಿಶೀಲಿಸುತ್ತಿದ್ದ ಸರ್ಕಾರಿ ತಜ್ಞರ ಸಭೆಯಲ್ಲಿ 2009ರ ಜೂನ್‌ನಲ್ಲಿ ಜೋಗಾನ್ ಸುನಾಮಿಯನ್ನು ಏಕೆ ಗಣನೆಗೆ ತೆಗೆದುಕೊಂಡಿಲ್ಲವೆಂದು ಕೇಳಿದರು.

2011ರ ಮಾರ್ಚ್ 11ರಂದು 9.0 ತೀವ್ರತೆಯ ಭೂಕಂಪವಾಯಿತು. ಇಂದಿನ ತಗಾಜೋ ನಗರದ ಸುಮಾರು ಮೂರನೇ ಒಂದು ಭಾಗಕ್ಕೆ ಕಡಲು ನುಗ್ಗಿತು. ಸೆಂದಾಯ್ ಬಯಲಿನಲ್ಲಿ ನೀರು ಕರಾವಳಿಯಿಂದ ಐದು ಕಿಲೋಮೀಟರಿನ ಹತ್ತಿರದವರೆಗೂ ಬಂದಿತು.

ಆ ನೀರು ಇಳಿದ ಮೇಲೆ ಸಂಶೋಧಕರು ಗದ್ದೆಗಳಿಗೆ ಹಿಂತಿರುಗಿ ಹೊಸ ಮರಳನ್ನು ಅಳೆದರು. ಕಣ್ಣಿಗೆ ಎದ್ದು ಕಾಣುವ, ಅರ್ಧ ಸೆಂಟಿಮೀಟರಾದರೂ ದಪ್ಪವಿದ್ದ ಮರಳಿನ ಪದರ ಸುಮಾರು ಮೂರು ಕಿಲೋಮೀಟರಿಗೇ ನಿಂತುಹೋಗಿತ್ತು. ಅದರಾಚೆ ನೀರು ಬಂದಿದ್ದರೂ ಬಿಟ್ಟುಹೋದದ್ದು ತೆಳು ಕೆಸರಿನ ಲೇಪವನ್ನು ಮಾತ್ರ, ಸಾವಿರ ವರ್ಷದ ಬಳಿಕ ಅಗೆದು ನೋಡುವವನಿಗೆ ಅದು ಕಾಣುವುದೂ ಅನುಮಾನ. ಇದು ಸಣ್ಣ ಮಾತೇನಲ್ಲ. 869ರ ಮರಳಿನ ಅಂಚನ್ನೇ ನೀರಿನ ಅಂಚೆಂದು ಹಿಡಿದು ಹಾಕಿದ್ದ ಲೆಕ್ಕವೆಲ್ಲ ಕಡಿಮೆಯಾಗಿತ್ತು ಎಂದು ಇದರ ಅರ್ಥ. ಮರುಲೆಕ್ಕದಲ್ಲಿ ಜೋಗಾನ್ ಭೂಕಂಪದ ತೀವ್ರತೆ ಕನಿಷ್ಠ 8.6ಕ್ಕೆ ಏರಿತು. ಲಿಪಿಕಾರ ಉತ್ಪ್ರೇಕ್ಷೆ ಮಾಡಿದ್ದಾನೆಂಬ ಶಂಕೆಯಿಂದ ನೆಲವನ್ನು ಸಾಕ್ಷಿಗೆ ಕರೆದಿದ್ದೆವು, ಆದರೆ ತಗ್ಗಿಸಿ ಹೇಳಿದ್ದು ನೆಲವೇ. ಹಾಗೆಂದು ಟಿಪ್ಪಣಿಯ ಎಲ್ಲ ಮಾತೂ ಅಕ್ಷರಶಃ ನಿಜವಾಗಬೇಕಿಲ್ಲ. ಕಡಲಿನಿಂದ ‘ಹತ್ತಾರು ನೂರು ರಿ’ ದೂರ ನೀರೇ ನೀರಾಯಿತು ಎನ್ನುವ ಸಾಲನ್ನು ಒಳನಾಡಿನ ದೂರವೆಂದು ಓದಿದರೆ ಅಲೆ ಗುಡ್ಡಗಳನ್ನು ದಾಟಿರಬೇಕಾಗುತ್ತದೆ. ಅದನ್ನು ಕರಾವಳಿಯುದ್ದದ ಹರವು ಎಂದು ಓದುವವರಿದ್ದಾರೆ, ಬರಿಯ ವಾಕ್ ಚಮತ್ಕಾರ ಎನ್ನುವವರೂ ಇದ್ದಾರೆ. ಆದ್ದರಿಂದ ಇಡೀ ಟಿಪ್ಪಣಿ ಸತ್ಯವೋ ಸುಳ್ಳೋ ಎಂದು ಕೇಳುವುದಕ್ಕಿಂತ, ಅದರ ಯಾವ ಮಾತನ್ನು ಯಾವ ಸಾಕ್ಷಿಯಿಂದ ಪರೀಕ್ಷಿಸಬಹುದು ಎಂದು ಬಿಡಿಬಿಡಿಯಾಗಿ ಕೇಳುವುದೇ ಸರಿಯೆಂದು ನನಗೆ ತೋರುತ್ತದೆ.

‘ಕೋಟೆಯ ಕೆಳಗಿನ ಊರು’ ಎಂಬ ಮಾತನ್ನು ನೋಡಿ. ಕೋಟೆಯ ದಕ್ಷಿಣಕ್ಕೆ ತಗ್ಗಿನಲ್ಲಿ ನಡೆದ ಅಗೆತದಲ್ಲಿ ನೇರ ಬೀದಿಗಳು ಒಂದನ್ನೊಂದು ಕತ್ತರಿಸಿ ಹೋಗುವ, ಯೋಜಿಸಿ ಕಟ್ಟಿದ ಪಟ್ಟಣವೇ ಹೊರಬಿದ್ದಿತು. ಮುಳುಗಲು ಅಲ್ಲಿ ಊರೂ ಇತ್ತು, ಜನರೂ ಇದ್ದರು. ‘ಉರುಳಿದ ಬಾಗಿಲು, ಗೋಡೆ’ಗಳ ಮಾತಿಗೆ ಹೆಂಚು ಸಾಕ್ಷಿ. ಕೊರಿಯಾದ ಸಿಲ್ಲಾ ರಾಜ್ಯದ ಕೆಲವರನ್ನು 870ರಲ್ಲಿ ಮುತ್ಸು ಪ್ರಾಂತ್ಯಕ್ಕೆ ಕಳಿಸಲಾಯಿತೆಂದೂ, ಅವರಲ್ಲಿ ಹೆಂಚು ಮಾಡಲು ಬಲ್ಲವರನ್ನು ದುರಸ್ತಿ ಕೆಲಸಕ್ಕೆ ಹಚ್ಚಲಾಯಿತೆಂದೂ ಅದೇ ರಾಜಚರಿತ್ರೆ ಬೇರೊಂದು ಕಡೆ ಹೇಳುತ್ತದೆ. ತಗಾಜೋದ ನಾಲ್ಕನೆಯ ಹಂತದಲ್ಲಿ, ಹಿಂದಿನ ಹಂತಗಳಲ್ಲಿ ಕಾಣದ ಹೂಬಳ್ಳಿಯ ಅಚ್ಚಿನ ಸೂರುಹೆಂಚುಗಳು ಸಿಗುತ್ತವೆ. ಅವುಗಳ ಚಿತ್ತಾರ ಸಿಲ್ಲಾದ ಹೆಂಚುಗಳನ್ನು ನೆನಪಿಸುತ್ತದೆ. ಅನಾಹುತದ ಬಣ್ಣನೆಗಿಂತ ಈ ಒಣ ಆಡಳಿತ ಟಿಪ್ಪಣಿಯನ್ನೇ ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ಹೆಂಚುಗಾರರನ್ನು ಎಲ್ಲಿಗೆ ಕಳಿಸಿದೆವೆಂದು ಸುಳ್ಳು ಬರೆದು ಯಾರಿಗೂ ಲಾಭವಿರಲಿಲ್ಲ.

ಗ್ರಂಥದಾಚೆಗೂ ಒಂದು ನೆನಪು ಉಳಿದಿತ್ತು. ಜಪಾನಿನ ಹಳೆಯ ಪ್ರೇಮಕವಿತೆಗಳಲ್ಲಿ ‘ಸುಏ ನೊ ಮತ್ಸುಯಾಮಾ’ ಎಂಬ ಪೈನ್ ಮರಗಳ ದಿಬ್ಬದ ಹೆಸರು ಬರುತ್ತದೆ. ನಾನು ನಿನ್ನನ್ನು ಮರೆತರೆ ಅಲೆಗಳು ಆ ದಿಬ್ಬವನ್ನೇ ದಾಟಿಯಾವು ಎಂದು ಪ್ರೇಮಿಗಳು ಆಣೆಯಿಡುತ್ತಿದ್ದರು, ಅಂದರೆ ಎಂದಿಗೂ ಆಗದ ಮಾತು ಎಂದು. ಆ ಹೆಸರಿನ ದಿಬ್ಬವನ್ನು ತಗಾಜೋದಲ್ಲಿ, ಕಡಲು ಕಾಣದ ಒಂದು ವಸತಿ ಪ್ರದೇಶದಲ್ಲಿ ತೋರಿಸುತ್ತಾರೆ. ಕಡಲಿಲ್ಲದ ಕಡೆ ಅಲೆಯ ಮಾತೇಕೆ ಎಂಬ ಪ್ರಶ್ನೆಗೆ, ಇದು ಜೋಗಾನ್ ಸುನಾಮಿಯ ನೆನಪಿರಬಹುದೆಂದು ಕೆಲವು ವಿದ್ವಾಂಸರು ಉತ್ತರಿಸುತ್ತಾರೆ. 2011ರಲ್ಲಿ ಸುನಾಮಿ ದಿಬ್ಬದ ಸುತ್ತಲಿನ ತಗ್ಗಿಗೆ ಬಂದಿತು, ಆದರೆ ಮೇಲೆ ಹತ್ತಲಿಲ್ಲ. ಒಂದು ಕವಿಸಮಯ ಹೀಗೆ ತಾನೇ ತಾನಾಗಿ ಪರೀಕ್ಷೆಗೊಳಗಾದದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಟಿಪ್ಪಣಿಯ ಒಂದು ಮಾತು ಮಾತ್ರ ಯಾವ ಸಲಕರಣೆಗೂ ಸಿಕ್ಕಿಲ್ಲ: ನೆಲ ನಡುಗುವಾಗ ಹಗಲಿನಂತೆ ಬೆಳಗಿ ಮರೆಯಾದ ಆ ಹರಿಯುವ ಬೆಳಕು. ಭೂಕಂಪದ ಹೊತ್ತಿನಲ್ಲಿ ಬಾನು ಬೆಳಗಿದ ವರದಿಗಳು ಬೇರೆ ಕಡೆಗಳಿಂದಲೂ ಬಂದಿವೆ. 1960ರ ದಶಕದಲ್ಲಿ ಜಪಾನಿನ ಮತ್ಸುಶಿರೊದಲ್ಲಿ ಭೂಕಂಪಗಳ ಸರಣಿ ನಡೆದಾಗ ಅಂಥ ಬೆಳಕಿನ ಚಿತ್ರಗಳನ್ನೇ ತೆಗೆದರು. ಆದರೆ 869ರ ಬೆಳಕು ಮರಳಿನಲ್ಲಿ ಉಳಿಯಲಿಲ್ಲ, ಹೆಂಚಿನಲ್ಲಿ ಉಳಿಯಲಿಲ್ಲ. ಅದನ್ನು ಕಂಡವರು ಯಾರೋ ಹೇಳಿದರು, ಕೇಳಿಸಿಕೊಂಡ ಅಧಿಕಾರಿ ರಾಜಧಾನಿಗೆ ಬರೆದು ಕಳಿಸಿದ, ಅಲ್ಲಿನ ಲಿಪಿಕಾರ ಅದಕ್ಕೆ ನಾಲ್ಕೈದು ಅಕ್ಷರಗಳ ಜಾಗ ಕೊಟ್ಟ.